ಕಾಲ್ಬೆರಳ ತುದಿಯಷ್ಟು ಆಫ್‌ಸೈಡ್: ಇಷ್ಟು ಸಣ್ಣ ಅಳತೆ ಯಾರಿಗೆ ಬೇಕಿತ್ತು?

ಮೂಲೆಧ್ವಜ

2024ರ ಯುರೋ ಕಪ್‌ನ ಜರ್ಮನಿ–ಡೆನ್ಮಾರ್ಕ್ ಪಂದ್ಯವನ್ನು ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ. ಹಳೆಯ ಸಿಟ್ಟು ಒಂದಿಷ್ಟೂ ಆರಿಲ್ಲ ಎಂಬುದು ಖಾತ್ರಿಯಾಯಿತು. ನಾನು ಡೆನ್ಮಾರ್ಕ್ ಬೆಂಬಲಿಗನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ದ್ವಿತೀಯಾರ್ಧ ಶುರುವಾಗಿ ಸ್ವಲ್ಪವೇ ಹೊತ್ತಾಗಿತ್ತು. ಡೆನ್ಮಾರ್ಕ್‌ನ ಆಂಡರ್ಸನ್ ಚೆಂಡನ್ನು ಬಲೆಗೆ ಸೇರಿಸಿದರು. ಆಮೇಲೆ ತೆರೆಯ ಮೇಲೆ ಆಟಗಾರರ ಸ್ಥಾನ ತೋರಿಸುವ ಕಂಪ್ಯೂಟರ್ ಗೊಂಬೆಗಳ ಚಿತ್ರ ಬಂತು. ಥಾಮಸ್ ಡಿಲೇನಿ ಅವರ ಬೂಟಿನ ತುದಿ ಗೆರೆಯಿಂದ ಆಚೆ ಇಣುಕುತ್ತಿತ್ತು. ಗೋಲು ರದ್ದು. ಕೆಲವೇ ನಿಮಿಷಗಳಲ್ಲಿ ಅದೇ ಆಂಡರ್ಸನ್ ಅವರ ಕೈಗೆ ಚೆಂಡು ಸವರಿತೆಂದು ಚೆಂಡಿನೊಳಗಿನ ಸೆನ್ಸರ್ ಸಾಕ್ಷಿ ಹೇಳಿತು. ಜರ್ಮನಿಗೆ ಪೆನಾಲ್ಟಿ, ಹಾವರ್ಟ್ಜ್ ಹೊಡೆದರು, ಪಂದ್ಯ 2–0ಗೆ ಮುಗಿಯಿತು.

ನನ್ನ ಪ್ರಶ್ನೆ ಇಷ್ಟೇ. ಬೂಟಿನ ತುದಿಯಿಂದ ಡಿಲೇನಿಗೆ ಸಿಕ್ಕ ಲಾಭವಾದರೂ ಏನು? ಎದುರಾಳಿಯ ಗೋಲಿನ ಬಾಯಲ್ಲಿ ಹೊಂಚು ಹಾಕಿ ನಿಲ್ಲುವವರನ್ನು ತಡೆಯುವುದಕ್ಕೆ ಹುಟ್ಟಿದ ನಿಯಮ ಇದು. ಅದನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ ಯಾಕೆ ತೂಗುತ್ತಿದ್ದೇವೆ?

ನೇರಗೆರೆ

ಮುಂದೆ ನಿಂತದ್ದರಿಂದ ಎಷ್ಟು ದೂರದ ಲಾಭವಾಯಿತು ಎಂದು ನಿಯಮ ಕೇಳುವುದೇ ಇಲ್ಲ. ಆಫ್‌ಸೈಡ್ ಕುರಿತ 11ನೆಯ ನಿಯಮವನ್ನು ಒಮ್ಮೆ ಓದಿ. ತಲೆ, ಮೈ, ಪಾದ, ಇವುಗಳ ಯಾವುದೇ ಭಾಗ ಎದುರಾಳಿಯ ಅಂಕಣಾರ್ಧದಲ್ಲಿ ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲುಗೆರೆಗೆ ಹತ್ತಿರವಿದ್ದರೆ ಅದು ಆಫ್‌ಸೈಡ್ ಸ್ಥಾನ. ಕೈ, ತೋಳು ಲೆಕ್ಕಕ್ಕಿಲ್ಲ. “ಸ್ವಲ್ಪವೇ ಇದ್ದರೆ ಪರವಾಗಿಲ್ಲ” ಎಂಬ ಸಾಲು ಅಲ್ಲಿ ಇಲ್ಲ. ಗೋಲುಗೆರೆಯನ್ನು ಚೆಂಡು ಒಂದು ಮಿಲಿಮೀಟರ್ ದಾಟದಿದ್ದರೂ ಗೋಲಲ್ಲ ಎಂದರೆ ಎಲ್ಲರೂ ತಲೆಯಾಡಿಸುತ್ತೀರಿ. ಇಲ್ಲಿ ಮಾತ್ರ ಕರುಣೆ ಬೇಕೇ?

ಸೀಟಿ

ಗೋಲುಗೆರೆ ಓಡುವುದಿಲ್ಲವಲ್ಲ ಸ್ವಾಮಿ.

ಅಂಕಿಮೋಹಿ

ಸೀಟಿ ಅವರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ನಾನು ಲೆಕ್ಕ ಹಾಕಿ ತೋರಿಸುತ್ತೇನೆ, ಕ್ಷಮಿಸಿ.

ಆಫ್‌ಸೈಡ್‌ನಲ್ಲಿ ಎರಡು ಅಳತೆಗಳಿವೆ. ಎಲ್ಲಿದ್ದ ಎಂಬುದು ಒಂದು, ಯಾವಾಗ ಎಂಬುದು ಇನ್ನೊಂದು. ನಾವೆಲ್ಲ ಮೊದಲನೆಯದರ ಬಗ್ಗೆಯೇ ಜಗಳವಾಡುತ್ತೇವೆ. ಸಹ ಆಟಗಾರ ಚೆಂಡನ್ನು ಮುಟ್ಟಿದ ಮೊದಲ ಕ್ಷಣದಲ್ಲಿ ಆಟಗಾರ ಎಲ್ಲಿದ್ದ ಎಂಬುದು ಮುಖ್ಯ. ಸೆಕೆಂಡಿಗೆ 50 ಫ್ರೇಮ್‌ಗಳ ಕ್ಯಾಮೆರಾ ಇಟ್ಟುಕೊಂಡರೆ ಎರಡು ಫ್ರೇಮ್‌ಗಳ ನಡುವೆ 20 ಮಿಲಿಸೆಕೆಂಡ್‌ಗಳ ಕುರುಡು ಇದೆ. ಸೆಕೆಂಡಿಗೆ 8 ಮೀಟರ್ ಓಡುತ್ತಿರುವ ಸ್ಟ್ರೈಕರ್ ಅಷ್ಟರಲ್ಲಿ 16 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಅದೇ ಹೊತ್ತಿಗೆ ಡಿಫೆಂಡರ್ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಎದುರು ದಿಕ್ಕಿಗೆ ನುಗ್ಗುತ್ತಿದ್ದರೆ ಇನ್ನೂ 10 ಸೇರಿಸಿ. ಒಟ್ಟು 26 ಸೆಂಟಿಮೀಟರ್. ಒಂದು ಫ್ರೇಮ್ ಹಿಂದೆ ನಿಲ್ಲಿಸಿದರೆ ಗೋಲು, ಒಂದು ಫ್ರೇಮ್ ಮುಂದೆ ನಿಲ್ಲಿಸಿದರೆ ಆಫ್‌ಸೈಡ್. ಪ್ರೀಮಿಯರ್ ಲೀಗ್‌ನಲ್ಲಿ 2019–20ರ ಮೊದಲ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ಸಹಾಯಕ ರೆಫರಿ) ಋತುವಿನಲ್ಲಿ ಕಂಕುಳು, ಹೆಬ್ಬೆರಳು ಎಂದು ರದ್ದಾದ ಗೋಲುಗಳನ್ನು ಅಳೆದದ್ದು ಇಂಥ ಟೇಪಿನಲ್ಲಿ.

2022ರ ವಿಶ್ವಕಪ್‌ನಲ್ಲಿ ಆಫ್‌ಸೈಡ್ ಅಳೆಯುವ ಅರೆಸ್ವಯಂಚಾಲಿತ ವ್ಯವಸ್ಥೆ ಬಂದ ಮೇಲೆ ಇದು ಬಹಳ ಸುಧಾರಿಸಿತು, ಒಪ್ಪುತ್ತೇನೆ. ಛಾವಣಿಯಡಿ 12 ಕ್ಯಾಮೆರಾಗಳು, ಪ್ರತಿ ಆಟಗಾರನ ಮೈಮೇಲೆ 29 ಬಿಂದುಗಳವರೆಗೆ ಗುರುತು, ಸೆಕೆಂಡಿಗೆ 50 ಬಾರಿ. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಸುದ್ದಿ ಕೊಡುತ್ತದೆ. ಒದ್ದ ಕ್ಷಣ ಈಗ 2 ಮಿಲಿಸೆಕೆಂಡ್‌ಗಳಷ್ಟು ನಿಖರ. ಆದರೆ ಗಮನಿಸಿ, ಚೆಂಡಿನ ಗಡಿಯಾರ 500ಕ್ಕೆ ಮಿಡಿಯುತ್ತದೆ, ಮೈಯ ಗಡಿಯಾರ 50ಕ್ಕೆ. ನಡುವಿನ ಭಂಗಿಯನ್ನು ಲೆಕ್ಕದಿಂದಲೇ ತುಂಬಿಸಬೇಕು. ತೆರೆಯ ಮೇಲೆ ಬರುವ ಆ ಚೆಂದದ ಗೊಂಬೆ ಛಾಯಾಚಿತ್ರವಲ್ಲ, ಒಂದು ಅಂದಾಜು. ಒಳ್ಳೆಯ ಅಂದಾಜು, ನಿಜ. ಅಂದಾಜಿನ ಪಕ್ಕದಲ್ಲಿ “ಇಷ್ಟು ಹೆಚ್ಚುಕಡಿಮೆ” ಎಂದು ಬರೆಯುವುದು ವಿಜ್ಞಾನದ ಮೊದಲ ಪಾಠ. ಫುಟ್‌ಬಾಲ್ ಅದನ್ನು ಮಾತ್ರ ಬರೆಯುವುದಿಲ್ಲ.

ಹಳೆಯ ಲೈನ್ಸ್‌ಮನ್

ಹದಿನಾಲ್ಕು ವರ್ಷ ಹವ್ಯಾಸಿ ಪಂದ್ಯಗಳಲ್ಲಿ ಬಾವುಟ ಹಿಡಿದು ಓಡಿದವನು ನಾನು. ಈಗ ಮಂಡಿ ಕೇಳುವುದಿಲ್ಲ. ಯಂತ್ರದ ತಪ್ಪನ್ನು ಎಣಿಸುವವರು ನಮ್ಮ ಕಣ್ಣಿನ ತಪ್ಪನ್ನೂ ಎಣಿಸಲಿ ಎಂದು ಬರೆಯುತ್ತಿದ್ದೇನೆ.

ಲೈನ್ಸ್‌ಮನ್ ಕೆಲಸ ಎಂದರೆ ಏಕಕಾಲಕ್ಕೆ ಎರಡು ಕಡೆ ನೋಡುವುದು. ಮೂವತ್ತು ಗಜ ಆಚೆ ಚೆಂಡು ಒದೆಯುವವನ ಪಾದ ಒಂದು ಕಡೆ, ಪಕ್ಕದಲ್ಲಿ ಓಟ ಕೀಳುವ ಸ್ಟ್ರೈಕರ್ ಇನ್ನೊಂದು ಕಡೆ. ಎರಡು ಕಣ್ಣನ್ನು ಎರಡು ದಿಕ್ಕಿಗೆ ಕಳುಹಿಸುವ ಶಕ್ತಿ ಮನುಷ್ಯನಿಗಿಲ್ಲ. ನಾವು ಕಿವಿಯನ್ನು ಬಳಸುತ್ತಿದ್ದೆವು. ಒದ್ದ ಸದ್ದು ಕೇಳಿದ ಕ್ಷಣ ಗೆರೆಯಲ್ಲಿ ಯಾರಿದ್ದಾರೆ ಎಂದು ನೋಡುವುದು. ಗದ್ದಲ ಜೋರಾದರೆ ಕಿವಿಯೂ ಕೈಕೊಡುತ್ತದೆ.

ಇನ್ನೊಂದು ತೊಂದರೆ ನಿಲ್ಲುವ ಜಾಗದ್ದು. ಕೊನೆಯಿಂದ ಎರಡನೆಯ ಡಿಫೆಂಡರ್‌ನ ನೇರಕ್ಕೆ ಇರಬೇಕು ಎಂಬುದು ಪಾಠ. ಎರಡು ಹೆಜ್ಜೆ ಹಿಂದುಳಿದರೆ ಸಾಕು, ನೋಟ ಓರೆಯಾಗುತ್ತದೆ. ನಮ್ಮ ಬದಿಯಲ್ಲಿ ಓಡುವವನು ಸಮಾನವಾಗಿದ್ದರೂ ಮುಂದಿರುವಂತೆ ಕಾಣುತ್ತಾನೆ, ಆಚೆ ಬದಿಯವನು ಮುಂದಿದ್ದರೂ ಸಮಾನವಾಗಿ ಕಾಣುತ್ತಾನೆ. ಇದನ್ನು ಡಚ್ ಸಂಶೋಧಕರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ತಪ್ಪು ತೀರ್ಪುಗಳಿಗೆ ಪಕ್ಷಪಾತವೋ ಅಜಾಗ್ರತೆಯೋ ಕಾರಣವಾಗಬೇಕಿಲ್ಲ, ನೋಟದ ಕೋನವೇ ಸಾಕು ಎಂದು. ಅದನ್ನು ಓದಿದ ದಿನ ನನಗೆ ಅರ್ಧ ಸಮಾಧಾನವಾಯಿತು, ಅರ್ಧ ಹೊಟ್ಟೆ ಉರಿಯಿತು.

ಯಾಕೆಂದರೆ ಅದು ಪ್ರಕಟವಾಗಿ ಎಷ್ಟೋ ವರ್ಷಗಳ ನಂತರ ನಾನೇ ಅದೇ ತಪ್ಪು ಮಾಡಿದ್ದೆ. ಒಂದು ಟೂರ್ನಿಯ ಫೈನಲ್, ಕೊನೆಯ ನಿಮಿಷಗಳು, ಸಮಬಲ. ನನ್ನ ಬದಿಯಲ್ಲೇ ಒಬ್ಬ ಹುಡುಗ ನುಗ್ಗಿ ಗೋಲು ಹೊಡೆದ. ನಾನು ಎರಡು ಹೆಜ್ಜೆ ಹಿಂದಿದ್ದೆ. ಬಾವುಟ ಎತ್ತಿದೆ. ಪೆನಾಲ್ಟಿ ಶೂಟೌಟ್‌ನಲ್ಲಿ ಅವನ ತಂಡ ಸೋತಿತು. ಆಮೇಲೆ ಯಾರೋ ಮೊಬೈಲ್ ತಂದು ಮುಖಕ್ಕೆ ಹಿಡಿದರು. ಹುಡುಗ ಒಂದಡಿ ಹಿಂದೆ ಇದ್ದ. ಬೈಗುಳ ಮರೆತಿದ್ದೇನೆ. ಆ ಹುಡುಗ ಏನೂ ಅನ್ನದೆ ಬೂಟಿನ ಲೇಸು ಬಿಚ್ಚುತ್ತಾ ಕುಳಿತದ್ದು ಮರೆತಿಲ್ಲ.

ಹಾಗಾಗಿ ಮೂಲೆಧ್ವಜ ಅವರೇ, ಬೂಟಿನ ತುದಿ ಎಂದು ನೀವು ನಗಬಹುದು. ಯಂತ್ರ ಇದ್ದಿದ್ದರೆ ಅವತ್ತು ನನಗೆ ನಿದ್ದೆ ಬರುತ್ತಿತ್ತು.

ಮೂರನೇ ಅಂಪೈರ್

ಕ್ರಿಕೆಟ್‌ನಿಂದ ಬಂದವನ ಒಂದು ಮಾತು. ಅಂಕಿಮೋಹಿ ಅವರು ಕೇಳುತ್ತಿರುವ “ಇಷ್ಟು ಹೆಚ್ಚುಕಡಿಮೆ” ನಮ್ಮಲ್ಲಿ ಇದೆ. ಅಂಪೈರ್ಸ್ ಕಾಲ್. ಎಲ್‌ಬಿಡಬ್ಲ್ಯು ಮರುಪರಿಶೀಲನೆಯಲ್ಲಿ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪ್‌ಗೆ ತಾಗುವಂತಿದ್ದರೆ ಮೈದಾನದಲ್ಲಿ ಕೊಟ್ಟ ತೀರ್ಪೇ ಉಳಿಯುತ್ತದೆ. ಯಂತ್ರ ತನ್ನ ಮಿತಿಯನ್ನು ತಾನೇ ಒಪ್ಪಿಕೊಂಡಂತೆ. ಫುಟ್‌ಬಾಲ್‌ನಲ್ಲೂ ಲೈನ್ಸ್‌ಮನ್ ಕೊಟ್ಟ ತೀರ್ಪಿಗೆ ಹಾಗೊಂದು ಬೆಲೆ ಕೊಟ್ಟರೆ ಆಗದೇ?

ನೇರಗೆರೆ

ಅಂಪೈರ್ಸ್ ಕಾಲ್ ಬಂದ ಮೇಲೆ ಕ್ರಿಕೆಟ್‌ನಲ್ಲಿ ಜಗಳ ನಿಂತಿತೇ? ಅದರ ಬಗ್ಗೆಯೇ ಜಗಳ ಶುರುವಾಯಿತು. ಒಂದೇ ಚೆಂಡು, ಒಂದೇ ಜಾಗ, ಒಬ್ಬರು ಔಟ್, ಇನ್ನೊಬ್ಬರು ನಾಟ್ ಔಟ್. ದಪ್ಪ ಗೆರೆ ಎಳೆದರೂ ಅಷ್ಟೇ. ಪ್ರೀಮಿಯರ್ ಲೀಗ್ 2021–22ರಿಂದ ಗೆರೆಗಳನ್ನು ದಪ್ಪ ಮಾಡಿ ಅನುಮಾನದ ಲಾಭವನ್ನು ದಾಳಿಗಾರನಿಗೆ ಕೊಟ್ಟಿತು. ಹಿಂದಿನ ಋತುವಿನಲ್ಲಿ ಆಫ್‌ಸೈಡ್ ಎನಿಸಿಕೊಂಡ ಕೆಲವು ಕಾಲ್ಬೆರಳುಗಳು ಉಳಿದುಕೊಂಡವು, ನಿಜ. ಆದರೆ ದಪ್ಪ ಗೆರೆಗೂ ಒಂದು ಅಂಚು ಇದ್ದೇ ಇರುತ್ತದೆ. ಅಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದವನು ಮತ್ತೆ ಇಲ್ಲಿಗೆ ಬಂದು ಇದೇ ಚರ್ಚೆ ಶುರು ಮಾಡುತ್ತಾನೆ.

ಅಂಕಿಮೋಹಿ

ಅಂಚು ಎಲ್ಲಿಟ್ಟರೂ ಅಂಚೇ, ಒಪ್ಪಿದೆ. ಆದರೆ ಅಳತೆಯ ದೋಷದ ಒಳಗೆ ಇಟ್ಟ ಅಂಚಿಗೂ ಹೊರಗೆ ಇಟ್ಟ ಅಂಚಿಗೂ ವ್ಯತ್ಯಾಸವಿದೆ. ಒಳಗಿಟ್ಟರೆ ನಾಣ್ಯ ಚಿಮ್ಮಿದಂತೆ. ಹೊರಗಿಟ್ಟರೆ, ಕನಿಷ್ಠ, ಆಫ್‌ಸೈಡ್ ಎಂದು ಹೇಳಿದವನು ನಿಜಕ್ಕೂ ಆಫ್‌ಸೈಡ್ ಆಗಿರುತ್ತಾನೆ.

ಹಳೆಯ ಲೈನ್ಸ್‌ಮನ್ ಅವರೇ, ಒಂದು ಪ್ರಶ್ನೆ, ಬೇಸರಿಸಬೇಡಿ. ಆ ಮೊಬೈಲ್ ವಿಡಿಯೊದಲ್ಲಿ ಪಾಸ್ ಕೊಟ್ಟವನ ಪಾದ ಕಾಣುತ್ತಿತ್ತೇ?

ಒಂಟಿ ಗೋಲ್‌ಕೀಪರ್

ಕೂದಲೆಳೆಯ ಅಂತರದ ಬಗ್ಗೆ ಇಷ್ಟೆಲ್ಲ ಮಾತು. ಎರಡು ಮೀಟರ್ ಆಫ್‌ಸೈಡ್ ಇದ್ದವನನ್ನೂ ಓಡಲು ಬಿಡುತ್ತಾರಲ್ಲ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ವಿಎಆರ್ ಬಂದ ಮೇಲೆ ಗೋಲಿನ ಅವಕಾಶ ಎದುರಿಗಿದ್ದರೆ ಬಾವುಟವನ್ನು ತಡೆದು ಹಿಡಿಯಬೇಕು, ಆಟ ಒಂದು ಹಂತಕ್ಕೆ ಬಂದ ಮೇಲೆ ಎತ್ತಬೇಕು. ಅಷ್ಟರಲ್ಲಿ ಮುಂದೆ ನುಗ್ಗುವವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇಬ್ಬರೂ ನಿಜವೆಂದೇ ಡಿಕ್ಕಿ ಹೊಡೆಯುತ್ತೇವೆ.

2025ರ ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡದ ಅವೊನಿಯಿ ಹೀಗೆಯೇ ಗೋಲುಕಂಬಕ್ಕೆ ಬಡಿದುಕೊಂಡರು. ಅದಕ್ಕೆ ತುಸು ಮೊದಲು ಸಹ ಆಟಗಾರ ಆಫ್‌ಸೈಡ್ ಇದ್ದ, ಬಾವುಟ ಏಳಲಿಲ್ಲ. ಹೊಟ್ಟೆಯ ಗಾಯಕ್ಕೆ ತುರ್ತು ಶಸ್ತ್ರಚಿಕಿತ್ಸೆ, ಕೃತಕ ಕೋಮಾ. ಬದುಕಿದರು. 2021ರಲ್ಲಿ ವುಲ್ವ್ಸ್‌ನ ಗೋಲ್‌ಕೀಪರ್ ರೂಯಿ ಪತ್ರೀಸಿಯೊ ತಲೆಗೆ ಪೆಟ್ಟು ಬಿದ್ದು ಸ್ಟ್ರೆಚರ್ ಮೇಲೆ ಹೋದದ್ದೂ ಲಿವರ್‌ಪೂಲ್‌ನ ಸಾಲಾ ಅವರ ಗೋಲು ಕೊನೆಗೆ ಆಫ್‌ಸೈಡ್ ಎಂದು ರದ್ದಾದ ಆಟದಲ್ಲೇ. ತೀರ್ಪಿನ ನಿಖರತೆಗೆ ಬೆಲೆ ಕೊಟ್ಟವರು ನಮ್ಮ ಪಕ್ಕೆಲುಬು.

ಹಳೆಯ ಲೈನ್ಸ್‌ಮನ್

ಗೋಲ್‌ಕೀಪರ್ ಹೇಳಿದ್ದು ಸರಿ. ಈಗ ಹೊಸ ಹುಡುಗರು ಬಾವುಟ ಎತ್ತುವುದನ್ನೇ ಮರೆಯುತ್ತಿದ್ದಾರೆ ಎಂಬ ಭಯ ನನಗಿದೆ. ಕೈ ಏಳುವುದು ಒಂದು ಅಭ್ಯಾಸ. ತಡೆದು ತಡೆದು ಅದು ಜಡವಾಗುತ್ತದೆ.

(ಅಂಕಿಮೋಹಿ ಅವರೇ, ನೆನಪಿಲ್ಲ. ಆ ವಿಡಿಯೊ ಹಳೆಯ ಫೋನಿನಲ್ಲಿ ಎಲ್ಲೋ ಇರಬೇಕು. ಹುಡುಕುತ್ತೇನೆ.)

ಮೂಲೆಧ್ವಜ

ಅಳತೆಯ ಜಗಳ ನನಗೆ ಅರ್ಧ ಅರ್ಥವಾಯಿತು. ಆದರೆ ನಾನು ಕಳೆದುಕೊಂಡಿರುವುದು ಬೇರೆ. 2019ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ–ಟಾಟನ್‌ಹ್ಯಾಮ್ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್ ನೆನಪಿದೆಯೇ? 90 ನಿಮಿಷ ಮುಗಿದ ಮೇಲಿನ ಗಾಯದ ಸಮಯದಲ್ಲಿ ಸಿಟಿಯ ಸ್ಟರ್ಲಿಂಗ್ ಗೋಲು ಹೊಡೆದರು. ಸಿಟಿ ತರಬೇತುದಾರ ಗಾರ್ಡಿಯೊಲಾ ಹುಚ್ಚರಂತೆ ಓಡಿದರು, ಕ್ರೀಡಾಂಗಣವೇ ಕುಣಿಯಿತು. ಆಮೇಲೆ ತೆರೆಯ ಮೇಲೆ ಆಫ್‌ಸೈಡ್ ಎಂದು ಬಂತು. ಸಿಟಿಯ ಅಗ್ವೆರೊ ಮುಂದಿದ್ದರು. ಟಾಟನ್‌ಹ್ಯಾಮ್‌ನ ಎರಿಕ್ಸನ್ ಹಿಂದಕ್ಕೆ ಒದ್ದ ಚೆಂಡು ಸಿಟಿಯ ಬರ್ನಾರ್ಡೊ ಸಿಲ್ವಾ ಅವರಿಗೆ ತಾಗಿ ಅಗ್ವೆರೊ ಬಳಿ ಹೋಗಿತ್ತು. ತೀರ್ಪು ನೂರಕ್ಕೆ ನೂರು ಸರಿ. ಸಿಟಿ ಹೊರಬಿತ್ತು.

ಅಂದಿನಿಂದ ನಾನು ಗೋಲಿಗೆ ಕುಣಿಯುವುದಿಲ್ಲ. ಮೊದಲು ಲೈನ್ಸ್‌ಮನ್‌ನ ಬಾವುಟ ನೋಡುತ್ತಿದ್ದೆ, ಅದು ಅರ್ಧ ಸೆಕೆಂಡಿನ ಕೆಲಸ. ಈಗ ರೆಫರಿಯ ಕಿವಿಯ ಮೇಲಿನ ಬೆರಳನ್ನೇ ನೋಡುತ್ತಾ ಕುಳಿತಿರುತ್ತೇನೆ. ಗೋಲಿನ ಖುಷಿಯನ್ನು ಕಂತಿನಲ್ಲಿ ಪಡೆಯುವ ಕಾಲ ಬಂದಿದೆ. ವಿಎಆರ್ ಅನ್ನೇ ತೆಗೆದುಹಾಕಿಬಿಡಿ ಎನಿಸುತ್ತದೆ.

ಸೀಟಿ

ತೆಗೆದುಹಾಕಿದರೆ ಏನು ಉಳಿಯುತ್ತದೆ ಎಂದು 2010ರ ವಿಶ್ವಕಪ್‌ನ ಜೂನ್ 27ನ್ನು ಕೇಳಿ. ಒಂದೇ ದಿನ ಎರಡು ಅನಾಹುತ. ಲ್ಯಾಂಪಾರ್ಡ್ ಹೊಡೆದ ಚೆಂಡು ಗೆರೆ ದಾಟಿ ಒಳಗೆ ಪುಟಿದರೂ ಇಂಗ್ಲೆಂಡ್‌ಗೆ ಗೋಲು ಸಿಗಲಿಲ್ಲ. ಸಂಜೆ ಮೆಕ್ಸಿಕೊ ವಿರುದ್ಧ ಅರ್ಜೆಂಟೀನಾದ ತೆವೇಸ್ ಸ್ಪಷ್ಟವಾಗಿ ಆಫ್‌ಸೈಡ್ ಇದ್ದು ತಲೆಯಿಂದ ಗೋಲು ಹೊಡೆದರು. ಕ್ರೀಡಾಂಗಣದ ದೊಡ್ಡ ತೆರೆಯಲ್ಲಿ ಮರುಪ್ರಸಾರ ಬಂತು. ಆಟಗಾರರು ನೋಡಿದರು, ಪ್ರೇಕ್ಷಕರು ನೋಡಿದರು. ರೆಫರಿ ರೊಸೆಟ್ಟಿ ಮತ್ತು ಅವರ ಸಹಾಯಕ ಗೆರೆಯ ಬಳಿ ನಿಂತು ಮಾತಾಡಿಕೊಂಡರು. ಆದರೆ ತೆರೆ ನೋಡಿ ತೀರ್ಪು ಬದಲಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಇಡೀ ಜಗತ್ತಿಗೆ ಗೊತ್ತಿರುವ ತಪ್ಪನ್ನು ಗೊತ್ತಿಲ್ಲದವರಂತೆ ಉಳಿಸಿಕೊಂಡು ಆಟ ಮುಂದುವರಿಸಬೇಕಾಯಿತು. ಅದೇ ರೊಸೆಟ್ಟಿ ಮುಂದೆ ಫಿಫಾದ ವಿಎಆರ್ ಯೋಜನೆಯ ಹೊಣೆ ಹೊತ್ತರು. ಯಾಕೆ ಎಂದು ಯಾರೂ ಕೇಳಬೇಕಿಲ್ಲ.

ನೇರಗೆರೆ

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ಪ್ರಯತ್ನ ಆಗಿಹೋಗಿದೆ ಮೂಲೆಧ್ವಜ ಅವರೇ. 2024ರ ಜೂನ್‌ನಲ್ಲಿ ವುಲ್ವ್ಸ್ ಕ್ಲಬ್ ಪ್ರೀಮಿಯರ್ ಲೀಗ್‌ನಲ್ಲಿ ವಿಎಆರ್ ರದ್ದು ಮಾಡುವ ನಿರ್ಣಯ ತಂದಿತು. 19 ಮತ ವಿರುದ್ಧ, ಒಂದು ಪರ. ಆ ಒಂದು ಯಾರದೆಂದು ಹೇಳಬೇಕಿಲ್ಲ. ನಾರ್ವೆಯಲ್ಲಿ 2025ರ ಆರಂಭದಲ್ಲಿ ವೃತ್ತಿಪರ ಕ್ಲಬ್‌ಗಳಲ್ಲಿ ಹೆಚ್ಚಿನವು ಬೇಡ ಎಂದರೂ ಫೆಡರೇಶನ್‌ನ ಮಹಾಸಭೆ ಉಳಿಸಿಕೊಂಡಿತು. ಸ್ವೀಡನ್ ಮಾತ್ರ ಅಭಿಮಾನಿಗಳ ಮಾತು ಕೇಳಿ ಬಾಗಿಲಲ್ಲೇ ತಡೆಯಿತು.

ಮೂಲೆಧ್ವಜ

ಸ್ವೀಡನ್‌ನಲ್ಲಿ ಜನ ಇನ್ನೂ ಕುಣಿಯುತ್ತಾರೆ ಎಂದಾಯಿತು.

ಕೊಠಡಿಯ ಕಿವಿ

ಅಳತೆ, ಭಾವನೆ ಎರಡನ್ನೂ ಬಿಡಿ. ದೊಡ್ಡ ಆಫ್‌ಸೈಡ್ ತಪ್ಪು ನಡೆದಾಗ ಗೆರೆ ಸರಿಯಾಗಿಯೇ ಇತ್ತು.

2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್–ಲಿವರ್‌ಪೂಲ್. ಲೂಯಿಸ್ ಡಿಯಾಸ್ ಗೋಲು ಹೊಡೆದರು, ಬಾವುಟ ಎದ್ದಿತು. ವಿಎಆರ್ ಕೊಠಡಿಯಲ್ಲಿ ಗೆರೆ ಎಳೆದರು, ಆಫ್‌ಸೈಡ್ ಅಲ್ಲವೆಂದು ಗೊತ್ತಾಯಿತು. ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದೇ ಕೊಠಡಿಯವರು ಭಾವಿಸಿದ್ದರು. “ಪರಿಶೀಲನೆ ಮುಗಿಯಿತು” ಎಂದರು. ಮೈದಾನದ ರೆಫರಿಗೆ ಅದು “ನಿಮ್ಮ ತೀರ್ಪು ಸರಿ” ಎಂದು ಕೇಳಿಸಿತು. ಆಟ ಮತ್ತೆ ಶುರುವಾಯಿತು. ಕೆಲವೇ ಸೆಕೆಂಡುಗಳಲ್ಲಿ ರಿಪ್ಲೇ ನಿರ್ವಾಹಕ ತಪ್ಪನ್ನು ಗುರುತಿಸಿದರು, ಆಟ ನಿಲ್ಲಿಸಿ ಎಂದರು. ಆಗಲೇ ಪುನರಾರಂಭವಾಗಿದೆ, ನಿಯಮದಂತೆ ಏನೂ ಮಾಡಲಾಗದು ಎಂದು ಕೊಠಡಿಯ ರೆಫರಿಗಳು ಕೈಚೆಲ್ಲಿದರು. ಆಮೇಲೆ ಬಿಡುಗಡೆಯಾದ ಧ್ವನಿಮುದ್ರಣದಲ್ಲಿ ಇದೆಲ್ಲ ಕೇಳುತ್ತದೆ. ಲಿವರ್‌ಪೂಲ್ 96ನೇ ನಿಮಿಷದ ಸ್ವಂತ ಗೋಲಿನಿಂದ 2–1ರಲ್ಲಿ ಸೋತಿತು.

ಒಬ್ಬರು “ನಿಮ್ಮ ತೀರ್ಪೇನು?” ಎಂದು ಮೊದಲು ಕೇಳಿದ್ದರೆ ಸಾಕಿತ್ತು. ವಿಮಾನ ಹಾರಿಸುವವರು ಕೇಳಿದ್ದನ್ನು ಮರುಉಚ್ಚರಿಸಿ ಖಚಿತಪಡಿಸಿಕೊಳ್ಳುವುದು ಎಷ್ಟು ಹಳೆಯ ಪದ್ಧತಿ. ಲಕ್ಷಾಂತರ ಜನ ನೋಡುವ ಆಟಕ್ಕೆ ಅದು ಹೊಳೆಯಲು ಒಂದು ಹಗರಣ ಬೇಕಾಯಿತು.

ಮೂರನೇ ಅಂಪೈರ್

ನಮ್ಮ ಆಟದಲ್ಲಿ ಮೂರನೇ ಅಂಪೈರ್ ಮಾತು ಮನೆಯಲ್ಲಿ ಕುಳಿತವರಿಗೂ ಕೇಳಿಸುತ್ತದೆ. ಫುಟ್‌ಬಾಲ್‌ನಲ್ಲಿ ಹಗರಣವಾದ ಮೇಲಷ್ಟೇ ಕೇಳಿಸುತ್ತಾರೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫರಿಗಳು ವಿಎಆರ್ ನಂತರದ ತೀರ್ಪನ್ನು ಧ್ವನಿವರ್ಧಕದಲ್ಲಿ ಹೇಳಿದ್ದು ಚೆನ್ನಾಗಿತ್ತು. ಹೇಳಿದ್ದು ತೀರ್ಪನ್ನು ಮಾತ್ರ, ಚರ್ಚೆಯನ್ನಲ್ಲ.

ಕೊಠಡಿಯ ಕಿವಿ

ಇನ್ನೊಂದು. ಯಾವ ಕ್ಯಾಮೆರಾದಿಂದಲೂ ಬಗೆಹರಿಯದ ಆಫ್‌ಸೈಡ್ ಇದೆ. 2023ರ ಜನವರಿಯ ಮ್ಯಾಂಚೆಸ್ಟರ್ ಡರ್ಬಿಯಲ್ಲಿ (ಸಿಟಿ–ಯುನೈಟೆಡ್ ಪಂದ್ಯ) ಯುನೈಟೆಡ್‌ನ ರಾಶ್‌ಫೋರ್ಡ್ ಆಫ್‌ಸೈಡ್ ಇದ್ದರು, ಯಾರಿಗೂ ಅನುಮಾನವಿರಲಿಲ್ಲ. ಚೆಂಡಿನ ಹಿಂದೆ ಓಡಿದರು, ಪಕ್ಕದಲ್ಲೇ ಓಡಿದರು, ಮುಟ್ಟಲಿಲ್ಲ. ಅವರದೇ ತಂಡದ ಬ್ರೂನೊ ಫರ್ನಾಂಡಿಸ್ ಬಂದು ಗೋಲು ಹೊಡೆದರು. ಬಾವುಟ ಎದ್ದಿತ್ತು, ರೆಫರಿ ಗೋಲು ಕೊಟ್ಟರು. ಮುಟ್ಟದಿದ್ದರೆ ಆಟದಲ್ಲಿ ಭಾಗಿಯಲ್ಲವೇ? ಅವರ ಜೊತೆ ಓಡುತ್ತಿದ್ದ ಡಿಫೆಂಡರ್‌ಗಳನ್ನು ಕೇಳಿ. ಹಾಗೆಯೇ 2021ರ ನೇಷನ್ಸ್ ಲೀಗ್ ಫೈನಲ್‌ನಲ್ಲಿ ಫ್ರಾನ್ಸ್‌ನ ಎಂಬಾಪೆ ಆಫ್‌ಸೈಡ್ ಇದ್ದರೂ, ಸ್ಪೇನ್‌ನ ಎರಿಕ್ ಗಾರ್ಸಿಯಾ ಚೆಂಡು ತಡೆಯಲು ಕಾಲು ಚಾಚಿ ತಾಗಿಸಿದ್ದರಿಂದ ಅದು ಉದ್ದೇಶಪೂರ್ವಕ ಆಟ ಎನಿಸಿ ಗೋಲು ಉಳಿಯಿತು. ತಡೆಯದೆ ಸುಮ್ಮನಿದ್ದಿದ್ದರೆ ಆಫ್‌ಸೈಡ್! ಮುಂದಿನ ವರ್ಷ ನಿಯಮದ ವಿವರಣೆಯನ್ನೇ ತಿದ್ದಬೇಕಾಯಿತು. ಇಲ್ಲಿ 12 ಕ್ಯಾಮೆರಾ ಇಟ್ಟರೂ ಒಂದೇ, 120 ಇಟ್ಟರೂ ಒಂದೇ.

ನೇರಗೆರೆ

ಇದನ್ನು ಒಪ್ಪುತ್ತೇನೆ. ನನ್ನ ವಾದ ಸ್ಥಾನದ ಬಗ್ಗೆ ಮಾತ್ರ.

ಅಂಕಿಮೋಹಿ

ಗೆರೆಯನ್ನೇ ಬೇರೆಡೆ ಇಡುವ ಯೋಚನೆ ಆರ್ಸೆನಲ್‌ನ ಮಾಜಿ ತರಬೇತುದಾರ ವೆಂಗರ್ ಅವರದು. ದಾಳಿಗಾರನ ಮೈಯ ಯಾವುದೇ ಭಾಗ ಡಿಫೆಂಡರ್ ಜೊತೆ ಸಮಾನವಾಗಿದ್ದರೆ ಆಫ್‌ಸೈಡ್ ಅಲ್ಲ, ಇಬ್ಬರ ನಡುವೆ ಬೆಳಕು ಕಾಣಬೇಕು. ನೇರಗೆರೆ ಅವರ ಅಂಚಿನ ವಾದ ಇಲ್ಲಿಗೂ ಅನ್ವಯಿಸುತ್ತದೆ, ಮಿಲಿಮೀಟರ್ ಜಗಳ ಹಿಮ್ಮಡಿಗೆ ಸ್ಥಳಾಂತರವಾಗುತ್ತದೆ ಅಷ್ಟೇ. ಆದರೆ ಆಟ ಬದಲಾಗುತ್ತದೆ. 1925ರಲ್ಲಿ ಮೂವರು ಎದುರಾಳಿಗಳ ಬದಲು ಇಬ್ಬರು ಸಾಕು ಎಂದಾಗ ಇಂಗ್ಲಿಷ್ ಲೀಗ್‌ನಲ್ಲಿ ಗೋಲುಗಳ ಸುರಿಮಳೆಯಾಯಿತು. 1990ರಲ್ಲಿ ಸಮಾನವಾಗಿದ್ದರೆ ಆಫ್‌ಸೈಡ್ ಅಲ್ಲ ಎಂದರು. ಗೆರೆ ಯಾವಾಗಲೂ ದಾಳಿಗಾರನ ಕಡೆಗೇ ಸರಿದಿದೆ. ಈ ಸಲ ಸರಿದರೆ ಡಿಫೆಂಡರ್‌ಗಳು ಹತ್ತು ಗಜ ಹಿಂದೆ ನಿಲ್ಲುತ್ತಾರೆ ಎಂಬುದು ನನ್ನ ಊಹೆ. ಗೋಲು ಹೆಚ್ಚುತ್ತವೆಯೋ ಆಟವೇ ಸೊರಗುತ್ತದೆಯೋ ನೋಡಬೇಕು.

ಹಳೆಯ ಲೈನ್ಸ್‌ಮನ್

ವಿಡಿಯೊ ಸಿಕ್ಕಿತು. ಮೂರು ಸಲ ನೋಡಿದೆ, ನಾಲ್ಕನೆಯ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಪಾಸ್ ಕೊಟ್ಟವನು ಚೌಕಟ್ಟಿನಲ್ಲಿ ಇಲ್ಲವೇ ಇಲ್ಲ. ಅವತ್ತು ನನ್ನ ಮುಖಕ್ಕೆ ಹಿಡಿದ ಫ್ರೇಮಿನಲ್ಲಿ ಹುಡುಗ ಒಂದಡಿ ಹಿಂದೆ, ನಿಜ. ಚೆಂಡು ಗಾಳಿಯಲ್ಲಿ ಚೌಕಟ್ಟಿನೊಳಗೆ ಬರುವ ಹೊತ್ತಿಗೆ ಅವನು ಒಂದು ಗಜ ಮುಂದೆ. ಒದ್ದದ್ದು ಇವೆರಡರ ನಡುವೆ ಎಲ್ಲೋ.

ಅಂಕಿಮೋಹಿ

ಸದ್ದು? ನೀವೇ ಹೇಳಿದಿರಲ್ಲ, ಕಿವಿ ಎಂದು. ಒದ್ದ ಸದ್ದು ಕೇಳಿದರೆ ಫ್ರೇಮನ್ನು ಗುರುತಿಸಬಹುದು.

ಹಳೆಯ ಲೈನ್ಸ್‌ಮನ್

ಇಯರ್‌ಫೋನ್ ಹಾಕಿ ಕೇಳಿದೆ. ಒದ್ದ ಸದ್ದು ಇಲ್ಲ. ಕೇಳಿಸುವುದು ವಿಡಿಯೊ ಮಾಡುತ್ತಿದ್ದವನ ಕೂಗು ಮಾತ್ರ. “ಆಫ್‌ಸೈಡ್ ಅಲ್ಲ, ಆಫ್‌ಸೈಡ್ ಅಲ್ಲ” ಎಂದು ಕೂಗುತ್ತಿದ್ದಾನೆ. ಆಗ ನನ್ನ ಬಾವುಟ ಇನ್ನೂ ಎದ್ದಿಲ್ಲ.